ಐದು ಸಲ ನಂಜುಂಡೇಶ್ವರ

ತೊಂಬತ್ತರ ದಶಕದ ಕೊನೆಯಲ್ಲಿ ನಾನೊಂದು ಹಳೆಯ ವ್ಯಾನು ಕೊಂಡು, ಹಿಂದೆ ಮಲಗಲು ಹಲಗೆ, ಅಡುಗೆಗೆ ಸ್ಟವ್ ಇಟ್ಟು ಮನೆಯಂತೆಯೇ ಮಾಡಿಕೊಂಡಿದ್ದೆ. ಗೇರ್‌ಬಾಕ್ಸ್ ಕಾಯುವುದೊಂದೇ ಅದರ ರೋಗ. ಬಿಸಿ ತೋರಿಸುವ ಮೀಟರ್ ಹಾಕಿಕೊಡು ಎಂದರೆ ನಂಜನಗೂಡಿನ ಮೆಕ್ಯಾನಿಕ್ ನಕ್ಕ.

"ಮೀಟ್ರು ಯಾಕೆ ಸಾ? ಸೀಟಿನ ಪಕ್ಕ ಗೇರ್‌ಬಾಕ್ಸ್ ಮುಚ್ಚಿರೋ ತಗಡಿನ ಮೇಲೆ ಕೈಯಿಟ್ಟು ಐದು ಸಲ ನಂಜುಂಡೇಶ್ವರ ಅನ್ನಿ. ಕೈ ತಡೆದ್ರೆ ಓಗಿ, ತಡೀದಿದ್ರೆ ನಿಲ್ಸಿ."

ಆ ಕೆಲಸ ಪಕ್ಕದಲ್ಲಿ ಕೂರುವ ಅವ್ವನ ಪಾಲಿಗೆ ಬಂತು. ಮುಡುಕುತೊರೆಗೆಂದು ಹೊರಟ ದಿನ, ನರಸೀಪುರದ ದಾರಿಯಲ್ಲಿ ಎರಡು ಮೈಲಿಯೂ ಆಗಿರಲಿಲ್ಲ, ಅವ್ವ ಕೈ ಕೊಡವಿದಳು.

"ಎರಡಕ್ಕೇ ಸುಡ್ತದೆ ಕಣ್ಲಾ, ನಿಲ್ಸು!"

ಮೆಕ್ಯಾನಿಕ್‌ನ ವಂಶವನ್ನೆಲ್ಲ ಬೈಯುತ್ತಾ ವ್ಯಾನಿನಡಿ ತೂರಿದೆ. ಆಯಿಲ್ ಸೋರಿರಲಿಲ್ಲ. ಗೇರ್‌ಬಾಕ್ಸ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ. ಹಾಗಾದರೆ ಮೇಲಿನ ತಗಡು ಸುಡುವುದೇಕೆ? ಎದ್ದು ಬಂದು ನೋಡಿದರೆ ಅವ್ವನ ಮಡಿಲಲ್ಲಿ, ಟವೆಲ್ಲಿನಲ್ಲಿ ಹಿಡಿದುಕೊಂಡ, ಹೊರಡುವಾಗಷ್ಟೇ ಒಲೆಯಿಂದಿಳಿಸಿ ತಂದಿದ್ದ ಹುರುಳಿ ಸಾರಿನ ಪಾತ್ರೆ. ಮನೆ ಬಿಟ್ಟಾಗಿನಿಂದ ಅದು ತಗಡಿನ ಮೇಲೇ ಕೂತಿತ್ತು. ಅದನ್ನೆತ್ತಿ, ಅದೇ ಜಾಗಕ್ಕೆ ಕೈಯಿಟ್ಟು ದೇವರನ್ನು ಕರೆದಿದ್ದಳು.

"ಸಾರು ಆರೋಯ್ತದಲ್ಲ ಅಂತ ಅಲ್ಲಿಟ್ಟಿದ್ದೆ," ಎಂದಳು.

ಹೋದ ಜೀವ ಬಂದಂತಾಯಿತು. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಅವ್ವ ನಗಲಿಲ್ಲ. ತಗಡು ಆರುವವರೆಗೆ ಕಾದು, ಮತ್ತೆ ಕೈಯಿಟ್ಟು, ಐದೂ ಸಲ ಹೇಳಿ ಮುಗಿಸಿ "ನಡಿ" ಎಂದಳು. ನಾನು ಎಷ್ಟು ಹೇಳಿದರೂ, ಮುಡುಕುತೊರೆ ಬರುವವರೆಗೆ ಆ ಪಾತ್ರೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.