ಕಿವಿ ಮೇಷ್ಟ್ರು ಮತ್ತು ನಡುವಿನ ಸ್ಪೀಕರ್

ಬೀದಿಯಲ್ಲಿ ಇನ್ನೂ ಗಾಡಿಗಳ ಸದ್ದು ಶುರುವಾಗಿಲ್ಲ. ಮೂರನೇ ಮಹಡಿಯ ಮನೆಯೊಂದರಲ್ಲಿ ಟಿವಿಯ ಮುಂದೆ ಮಂಡಿಯೂರಿ ಕೂತವರು ಅಂಗೈಯಗಲದ ರಬ್ಬರ್ ತುಂಡನ್ನು ಸ್ಪೀಕರಿನ ಅಡಿಗೆ ತುರುಕುತ್ತಿದ್ದಾರೆ. ಹೋಮ್ ಥಿಯೇಟರ್ ಕೂರಿಸುವುದು ಅವರ ಕಸುಬು. ಎಲ್ಲರ ಬಾಯಲ್ಲೂ ಕಿವಿ ಮೇಷ್ಟ್ರು. ಸದ್ದು ಹೊಂದಿಸಬೇಕಾದರೆ ಊರು ಮಲಗಿರಬೇಕು ಎಂಬುದು ಅವರ ಪಟ್ಟು. ಹಾಗಾಗಿ ಪೇಪರ್ ಹಾಕುವವನಿಗಿಂತ ಮೊದಲೇ ಬಾಗಿಲು ತಟ್ಟುತ್ತಾರೆ.

ರೇಡಿಯೊ ರಿಪೇರಿ ಅಂಗಡಿಯಲ್ಲಿ ಶುರುವಾದ ಬದುಕು. ಮಕ್ಕಳನ್ನು ಓದಿಸಿದ್ದು, ಮನೆ ನಡೆಸಿದ್ದು ಎಲ್ಲ ಈ ಕಿವಿಯೇ. ಅವರ ಜೀವವಿರುವುದು ನಡುವಿನ ಸ್ಪೀಕರಿನಲ್ಲಿ. ಸಿನಿಮಾದ ಮಾತು ಬಹುಪಾಲು ಬರುವುದು ಅಲ್ಲಿಂದಲೇ. "ಅಕ್ಕಪಕ್ಕದವು ಒಂದು ಕಂಪನಿದು, ನಡುವಿನದು ಇನ್ನೊಂದು ಅಂತ ತಂದುಬಿಡ್ತಾರೆ. ಆಮೇಲೆ ಹೀರೋ ಈ ಕಡೆಯಿಂದ ಆ ಕಡೆ ನಡೆಯೋವಾಗ ಮಧ್ಯದಲ್ಲಿ ಗಂಟಲೇ ಬದಲಾಗುತ್ತೆ" ಎನ್ನುತ್ತಾರೆ.

ಈ ಮನೆಯವರು ಮೂರನ್ನೂ ಒಂದೇ ಕಂಪನಿಯದನ್ನೇನೋ ತಂದಿದ್ದಾರೆ. ಆದರೆ ನಡುವಿನದನ್ನು ಕಪಾಟಿನ ಗೂಡಿನೊಳಕ್ಕೆ ತಳ್ಳಿಟ್ಟಿದ್ದರು. ಮಾತು ಕೊಡದೊಳಗಿಂದ ಬಂದಂತಿತ್ತು. "ಡಬಡಬ ಬಿಟ್ರೆ ಏನೂ ಕೇಳಲ್ಲ" ಎಂದು ಅಜ್ಜಿ ಸಿನಿಮಾ ನೋಡುವುದನ್ನೇ ಬಿಟ್ಟಿದ್ದಾರೆ. ಮೇಷ್ಟ್ರು ಅದನ್ನು ಅಂಚಿಗೆ ಎಳೆದು, ಮೂತಿಯನ್ನು ಕೂತವರ ಕಿವಿಯತ್ತ ಎತ್ತಿ, ಒಂದು ಸಿನಿಮಾ ಹಾಕಿ, ಸದ್ದನ್ನು ಮೆಲ್ಲಗೆ ಏರಿಸುತ್ತಾರೆ. ಕಣ್ಣು ಮುಚ್ಚಿ ಕೇಳುತ್ತಾರೆ. ಇನ್ನಷ್ಟು ಏರಿಸುತ್ತಾರೆ.

"ಸರಿಯಾಯ್ತು."

ಮನೆಯ ಮಗಳು ಕಿವಿ ಮುಚ್ಚಿಕೊಳ್ಳುತ್ತಾಳೆ. "ಇದು ಸರಿನಾ ಅಂಕಲ್? ಸ, ಶ ಬಂದಾಗೆಲ್ಲ ಸೂಜಿ ಚುಚ್ಚಿದ ಹಾಗಾಗುತ್ತೆ." ಅವಳ ಅಪ್ಪನೂ ಮುಖ ಕಿವುಚುತ್ತಾರೆ. ಅಜ್ಜಿಯ ಮುಖ ಮಾತ್ರ ಅರಳಿದೆ. "ಸುಮ್ನಿರ್ರೇ. ಇವತ್ತು ಮಾತು ಬಿಡಿಬಿಡಿಯಾಗಿ ಕೇಳ್ತಿದೆ ನಂಗೆ."

ಮೇಷ್ಟ್ರು ಅಜ್ಜಿಯ ಮುಖ ನೋಡುತ್ತಾರೆ. ಅಜ್ಜಿಯ ಕಿವಿಗೆ ಸರಿಹೋದದ್ದೇ ತಮ್ಮ ಕಿವಿಗೂ ಸರಿಹೋಗಿದೆ. ಇತ್ತೀಚೆಗೆ ಹಕ್ಕಿಯ ಚಿಲಿಪಿಲಿ, ಫೋನಿನ ಕಿಣಿಕಿಣಿ ದೂರವಾಗುತ್ತಿವೆ. ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಕಿವಿ ಮಂದವಾದ ಕಿವಿ ಮೇಷ್ಟ್ರನ್ನು ಯಾರು ಕರೆದಾರು? ಸ್ಪೀಕರಿನ ದೋಷವೆಂದರೆ ಇವರು ನಂಬುತ್ತಾರೆ. ಗೋಡೆಯ ದೋಷವೆಂದರೂ ನಂಬುತ್ತಾರೆ. ರಿಮೋಟಿನ ಮೇಲೆ ಬೆರಳು ಹಾಗೇ ನಿಂತಿದೆ.

"ಸ್ಪೀಕರ್ ಚೆನ್ನಾಗಿದೆ ಸರ್" ಎನ್ನುತ್ತಾರೆ ಕೊನೆಗೆ. "ನನ್ನ ಕಿವಿನೇ ಸರಿ ಇಲ್ಲ. ಸ, ಶ ಥರದ ಸಣ್ಣ ದನಿ ಕೇಳ್ತಿಲ್ಲ ನನಗೆ."

"ಕುರುಡನ ಹತ್ರ ದಾರಿ ಕೇಳಿದ ಹಾಗಾಯ್ತಲ್ಲ ನಮ್ಮ ಕಥೆ" ಎಂದು ಯಜಮಾನರು ಗೊಣಗುತ್ತಾರೆ.

"ಅವನಾದ್ರೂ ಒಪ್ಕೊಂಡ ಕಣೋ" ಎನ್ನುತ್ತಾರೆ ಅಜ್ಜಿ. "ನನ್ನ ಕಿವಿ ಮಂದ ಅಂತ ನಾನು ಒಪ್ಕೊಳ್ಳೋವರೆಗೂ ನಿಮ್ಮನ್ನೆಲ್ಲ ಗೊಣಗ್ತೀರಾ ಅಂತ ಬೈತಿದ್ದೆ."

ಮೇಷ್ಟ್ರು ಹುಡುಗಿಯನ್ನು ಸೋಫಾದ ನಡುವೆ ಕೂರಿಸುತ್ತಾರೆ. "ನಾನು ಇಳಿಸ್ತಾ ಹೋಗ್ತೀನಮ್ಮ. ಚುಚ್ಚೋದು ನಿಂತ ತಕ್ಷಣ ಕೈ ಎತ್ತು." ಕೈ ಮೇಲೇಳುತ್ತದೆ. ಆದರೆ ಈಗ ಅಜ್ಜಿಗೆ ಮಾತು ಮಸುಕು. ಮೇಷ್ಟ್ರು ಮತ್ತೆ ಸದ್ದನ್ನು ಮುಟ್ಟುವುದಿಲ್ಲ. ಮೂಲೆಯಲ್ಲಿದ್ದ ಅಜ್ಜಿಯ ಕುರ್ಚಿಯನ್ನು ಸ್ಪೀಕರಿನ ನೇರಕ್ಕೆ, ಹತ್ತಿರಕ್ಕೆ ಎಳೆದು, ಸ್ಪೀಕರಿನ ಮೂತಿ ಅವರತ್ತ ಏಳುವಂತೆ ರಬ್ಬರನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ.

ಅಜ್ಜಿ ಸಿನಿಮಾದ ಮಾತು ಕೇಳುತ್ತಾ ಟಿವಿಯತ್ತ ಬೆರಳು ತೋರುತ್ತಾರೆ. "ಈ ಸೊಸೆ ಸುಳ್ಳು ಹೇಳ್ತಿದ್ದಾಳೆ. ಬೇಕಾದ್ರೆ ನೋಡ್ತಿರಿ."

ಹುಡುಗಿ ನಗುತ್ತಾಳೆ. ಅವಳ ಕಿವಿಯ ಮೇಲೆ ಈಗ ಕೈಯಿಲ್ಲ.

ಬಾಗಿಲ ಬಳಿ ಯಜಮಾನರು "ನಮ್ಮ ತಮ್ಮನ ಮನೇಲೂ ಒಂದು ಕೂರಿಸೋದಿತ್ತು…" ಎಂದು ಶುರುಮಾಡಿ ತಡವರಿಸುತ್ತಾರೆ. ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ ಅವರ ಮುಖ ನೋಡುತ್ತಾರೆ.

"ಅಲ್ಲಿ ಕಿವಿ ಚೆನ್ನಾಗಿರೋರು ಒಬ್ಬರು ಪಕ್ಕದಲ್ಲಿ ಕೂತರೆ ಸಾಕು ಸರ್. ಮಿಕ್ಕಿದ್ದು ನನ್ನ ಕೈಗೆ ಗೊತ್ತು."