ಯಾವ ಶುಕ್ರವಾರ

ಸೋಫಾ ರಿಪೇರಿ ಮಾಡುವವನು ಬಾಯಲ್ಲಿ ಮೊಳೆ ಇಟ್ಟುಕೊಂಡಿರುತ್ತಾನೆ. ಚಿಕ್ಕ ಮೊಳೆ, ಒಂದು ಹಿಡಿ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಟಪ್ ಅಂತ ಬಟ್ಟೆಯನ್ನು ಮರಕ್ಕೆ ಜಡಿಯುತ್ತಾನೆ. ಒಂದು ಕೈ ಬಟ್ಟೆ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೂರನೇ ಕೈ ದೇವರು ಕೊಟ್ಟಿಲ್ಲ, ಅದಕ್ಕೇ ಬಾಯಿ. ಈಗಿನವರು ಗಾಳಿ ಗನ್ನು ಹಿಡಿದು ಚಟಚಟ ಪಿನ್ನು ಹೊಡೆದು ಕೆಲಸ ಮುಗೀತು ಅನ್ನುತ್ತಾರೆ. ವರ್ಷ ತುಂಬುವುದರೊಳಗೆ ಬಟ್ಟೆ ಹಲ್ಲು ಕಿರಿಯುತ್ತದೆ. ಹೇಳಿದರೆ ಯಾರು ಕೇಳುತ್ತಾರೆ, ಬಿಡಿ.

ಸ್ಪ್ರಿಂಗು ಅನ್ನುವ ಹುಡುಗಿಯ ಅಪ್ಪನಿಗೆ ಈ ಮೊಳೆಯಿಂದ ಇನ್ನೂ ಒಂದು ಉಪಯೋಗವಿತ್ತು. ಗಿರಾಕಿ ಬಾಗಿಲಲ್ಲಿ ನಿಂತು “ನಮ್ಮ ಸೋಫಾ ಯಾವಾಗ” ಅನ್ನುವ ಮುಂಚೆಯೇ ಅವನು ಒಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಳ್ಳುತ್ತಿದ್ದ. ಮೊಳೆ ತುಂಬಿದ ಬಾಯಿಂದ ಮಾತು ಎಲ್ಲಿಂದ ಬರಬೇಕು? ಹ್ಞೂಂ ಹ್ಞೂಂ ಅಂತ ತಲೆ ಆಡಿಸುತ್ತಿದ್ದ. ಜಿಗಣೆ ಹಾಗೆ ಅಂಟಿಕೊಂಡವರಿಗೆ ಮಾತ್ರ ಮೊಳೆಯನ್ನು ಒಂದು ಕೆನ್ನೆಗೆ ಸರಿಸಿ ಒಂದೇ ಮಾತು ಹೇಳುತ್ತಿದ್ದ: “ಶುಕ್ರವಾರ.” ಯಾವ ಶುಕ್ರವಾರ ಅಂತ ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅರ್ಧ ಬೀದಿಯ ಜನ ತಮ್ಮ ಮನೆಯಲ್ಲಿ ನೆಲದ ಮೇಲೆ ಕೂತು ಶುಕ್ರವಾರ ಕಾಯುತ್ತಿದ್ದರು.

ಅವನ ಒಬ್ಬಳೇ ಮಗಳು ಸ್ಪ್ರಿಂಗು. ದಾಖಲೆಯಲ್ಲಿ ಬೇರೆ ಹೆಸರಿತ್ತು, ಆದರೆ ನಡೆಯಲು ಕಲಿತ ದಿನದಿಂದ ಊರವರ ಸೋಫಾ ಮೇಲೆಲ್ಲ ಕುಣಿದು ಬೈಸಿಕೊಂಡವಳಿಗೆ ಅದೇ ಹೆಸರು ಅಂಟಿತು. ಕುಣಿಯುವುದು ನಿಂತ ಮೇಲೆ ಅವಳ ಕಣ್ಣು ಬಟ್ಟೆಯ ಸುರುಳಿಗಳ ಮೇಲೆ ಬಿತ್ತು. ಸುರುಳಿಯ ಅಂಚಿನಲ್ಲಿ ಯಾವ ಯಾವುದೋ ಬಂದರಿನ ಮುದ್ರೆ. ಒಂದು ದೇಶದಲ್ಲಿ ನೇಯ್ದು, ಇನ್ನೊಂದರಲ್ಲಿ ಬಣ್ಣ ಹಾಕಿ, ಮೂರನೆಯದರಲ್ಲಿ ಹಡಗು ಹತ್ತಿದ ಬಟ್ಟೆ ಕಡೆಗೆ ಬಂದು ಅಮ್ಮನ ಕತ್ತರಿಗೇ ಯಾಕೆ ಬೀಳಬೇಕು ಅಂತ ಅವಳು ಕೇಳುತ್ತಿದ್ದಳು. “ನನ್ನ ಹಣೆಬರಹ,” ಅನ್ನುತ್ತಿದ್ದಳು ಹೊಲಿಗೆ ಮಷೀನಿನ ಹಿಂದಿನಿಂದ ಅಮ್ಮ. ಆ ಉತ್ತರ ಸಾಲದೆ ಹುಡುಗಿ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಓದಲು ಸೇರಿಕೊಂಡಳು.

ಕೊನೇ ವರ್ಷದಲ್ಲಿ ಆರು ತಿಂಗಳು ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕು, ಇಂಟರ್ನ್‌ಶಿಪ್ ಅಂತ. ಹೊರದೇಶದಲ್ಲಿ ಸಿಕ್ಕಿದರೆ ಹೋಗಬಹುದು, ಆದರೆ ಹುಡುಕಿಕೊಳ್ಳುವುದು ನಿಮ್ಮ ಪಾಡು. ಕಾಲೇಜು ಕೊಟ್ಟ ಗಡುವಿನೊಳಗೆ ಸಿಗದಿದ್ದವರನ್ನು ಕಾಲೇಜಿನವರೇ ಊರಿನ ಯಾವುದೋ ಆಫೀಸಿಗೆ ತಳ್ಳುತ್ತಾರೆ. ಅಲ್ಲಿ ಜೆರಾಕ್ಸ್ ಮಷೀನಿಗೆ ಹಾಳೆ ತುಂಬಿಸುವುದೇ ಅಂತರರಾಷ್ಟ್ರೀಯ ವ್ಯಾಪಾರ. ಹಿಂದಿನ ವರ್ಷ ಹಾಗೆ ಹೋದ ಹುಡುಗನೊಬ್ಬ ಆರು ತಿಂಗಳಲ್ಲಿ ಕಲಿತಿದ್ದು ಮ್ಯಾನೇಜರಿಗೆ ಎಷ್ಟು ಸಕ್ಕರೆ ಬೇಕು ಅನ್ನುವುದೊಂದೇ.

ಸ್ಪ್ರಿಂಗು ಕಂಡ ಕಂಡ ಕಂಪನಿಗೆಲ್ಲ ಬರೆದಳು. ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು. ಬೇಡ ಅಂತ ಬರೆಯುವ ಸೌಜನ್ಯವೂ ಎಷ್ಟೋ ಜನಕ್ಕಿರಲಿಲ್ಲ. ಕಡೆಗೆ ಒಂದು ದೊಡ್ಡ ಹಡಗು ಕಂಪನಿ ವಿಡಿಯೋದಲ್ಲಿ ಮಾತಾಡೋಣ ಅಂದಿತು. ಟೈ ಕಟ್ಟಿದ ಮನುಷ್ಯ ಏನೇನೋ ಕೇಳಿ, ಕೊನೆಗೆ ಒಂದು ಪ್ರಶ್ನೆ ಹಾಕಿದ: “ಹಡಗು ತಡವಾಗಿದೆ. ಸರಕು ಎಲ್ಲಿದೆಯೋ ನಿಮಗೇ ಗೊತ್ತಿಲ್ಲ. ಗಿರಾಕಿ ಫೋನ್ ಮಾಡಿ ಸೋಮವಾರ ಬರುತ್ತಾ ಅಂತಾನೆ. ಏನು ಹೇಳ್ತೀರಿ?”

“ಖಂಡಿತ ಬರುತ್ತೆ ಅಂತೀನಿ,” ಅಂದಳು ಸ್ಪ್ರಿಂಗು, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ.

“ಗೊತ್ತಿಲ್ಲವಲ್ಲ?”

“ಮೊದಲು ಅವರಿಗೆ ಸಮಾಧಾನ ಆಗಬೇಕಲ್ಲ ಸರ್.”

ಮನುಷ್ಯ ನಕ್ಕ. ಗೆದ್ದೆ ಅಂದುಕೊಂಡಳು. ವಾರ ಕಳೆಯುವುದರೊಳಗೆ ಬೇಡ ಅಂತ ಬಂತು.

ಕಾಲೇಜಿನಲ್ಲಿ ಇದನ್ನೆಲ್ಲ ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು, ನೇರ ಮಾತಿನವರು. ಕೇಳಿದ್ದೇನು, ಹೇಳಿದ್ದೇನು ಅಂತ ತಿಳಿದುಕೊಂಡು ಕನ್ನಡಕ ತೆಗೆದಿಟ್ಟರು. “ಅಲ್ಲಮ್ಮ, ಇಷ್ಟು ಚೆನ್ನಾಗಿ ಮೂಗಿಗೆ ತುಪ್ಪ ಸವರೋದನ್ನ ಯಾರು ಕಲಿಸಿದ್ರು ನಿಂಗೆ? ನಮ್ಮ ಸಿಲಬಸ್ಸಲ್ಲಂತೂ ಇಲ್ಲ.”

ಯಾರು ಕಲಿಸಿದ್ದು ಅಂತ ಅವಳಿಗೆ ಗೊತ್ತಾಗಿದ್ದು ಅವತ್ತು ಸಂಜೆ ಅಂಗಡಿಗೆ ಕಾಲಿಟ್ಟಾಗ. ಬಾಗಿಲಲ್ಲಿ ಹಲ್ಲಿನ ಡಾಕ್ಟರಮ್ಮ ನಿಂತಿದ್ದರು. ಅದೇ ಬೀದಿಯ ಕೊನೆಯಲ್ಲಿ ಮಹಡಿ ಮೇಲೆ ಅವರ ಕ್ಲಿನಿಕ್ಕು. ರೋಗಿಗಳು ಕೂರುವ ದೊಡ್ಡ ಸೋಫಾ ರಿಪೇರಿಗೆ ಬಂದು ಎಷ್ಟು ಕಾಲವಾಯಿತೋ. ಪಾಪ, ದವಡೆ ಊದಿಸಿಕೊಂಡ ಜನ ಕೆನ್ನೆ ಹಿಡಿದು ಗೋಡೆಗೆ ಒರಗಿ ನಿಂತಿರುತ್ತಾರೆ. ಅಪ್ಪನ ಬಾಯಿ ತುಂಬ ಮೊಳೆ. ಕೆನ್ನೆ ಉಬ್ಬಿಸಿ, ಕಣ್ಣಲ್ಲೇ ನಕ್ಕು, ತಲೆ ಆಡಿಸಿ, “ಶುಕ್ರವಾರ” ಅಂದ. ಡಾಕ್ಟರಮ್ಮ ಹೋದರು. ಅಪ್ಪ ಮೊಳೆಯನ್ನು ಡಬ್ಬಿಗೆ ಉಗುಳಿ ಆರಾಮವಾಗಿ ಮೈ ಮುರಿದ.

ಸ್ಪ್ರಿಂಗು ಚೀಲ ಎಸೆದಳು. “ನಿಮ್ಮಿಂದ ನನ್ನ ಕೆಲಸ ಹೋಯ್ತು.”

“ನನ್ನಿಂದ? ನಾನು ನಿನ್ನ ಹಡಗಿಗೆ ತೂತು ಮಾಡಿದ್ನಾ?”

“ಆ ಸೋಫಾಗೆ ಹಿಂಬದಿಯ ಬಟ್ಟೇನೇ ಬಂದಿಲ್ಲ. ಯಾವ ಶುಕ್ರವಾರ ಕೊಡ್ತೀರಿ?”

“ನೋಡು, ಅದು ಸುಳ್ಳಲ್ಲ, ಸಮಾಧಾನ. ಆಗಲ್ಲ ಅಂದ್ರೆ ಅವರ ಮುಖ ಬಾಡುತ್ತೆ, ನನ್ನ ಹೊಟ್ಟೆ ಉರಿಯುತ್ತೆ. ಶುಕ್ರವಾರ ಅಂದ್ರೆ ಇಬ್ರೂ ಊಟ ಮಾಡಿ ನಿದ್ದೆ ಮಾಡ್ತೀವಿ.”

“ಅವರು ನಿಂತ್ಕೊಂಡು ಮಾಡ್ತಾರೆ,” ಅಂದಳು ಅಮ್ಮ ಒಳಗಿನಿಂದ.

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಅಪ್ಪನೂ ಹೀಗೇ ಅಂಗಡಿ ನಡೆಸಿದ್ದು, ಒಬ್ಬ ಗಿರಾಕಿಯೂ ಬಿಟ್ಟು ಹೋಗಿಲ್ಲ ಅಂದ. ಹೇಗೆ ಬಿಟ್ಟು ಹೋಗುತ್ತಾರೆ, ಅವರ ಸೋಫಾ ಇಲ್ಲೇ ಒತ್ತೆ ಬಿದ್ದಿದೆಯಲ್ಲ ಅಂದಳು ಮಗಳು. ಎರಡು ದಿನ ಅಪ್ಪ ಮಗಳು ಮುಖ ತಿರುಗಿಸಿಕೊಂಡು ಓಡಾಡಿದರು. ಉಪ್ಪು ಬೇಕಾದರೂ ಅಮ್ಮನ ಮೂಲಕವೇ.

ಗಡುವು ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಇನ್ನೊಂದೇ ಒಂದು ಕಡೆಯಿಂದ ಉತ್ತರ ಬಂತು. ಸಮುದ್ರದಾಚೆಯ ಒಂದು ಬಂದರು ಊರು, ಚಿಕ್ಕ ಕಂಪನಿ, ಸೋಫಾ ಬಟ್ಟೆಯನ್ನೇ ತರಿಸಿ ಮಾರುವವರು. ಇರಲು ಕೋಣೆ, ಊಟದ ಖರ್ಚು ಅವರದೇ. ಸುರುಳಿಯ ಅಂಚಿನಲ್ಲಿ ಆ ಊರಿನ ಮುದ್ರೆಯನ್ನು ಸ್ಪ್ರಿಂಗು ಎಷ್ಟೋ ಸಲ ಬೆರಳಲ್ಲಿ ಸವರಿದ್ದಳು. ಇದೂ ಕೈತಪ್ಪಿದರೆ ಜೆರಾಕ್ಸ್ ಮಷೀನೇ ಗತಿ.

ಮನೆ ಅಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಾಗಾಗಿ ಅಂಗಡಿಯಲ್ಲೇ ಮಾತಾಡುವುದು ಅಂತಾಯಿತು. ಅಷ್ಟು ಹೊತ್ತು ಅಮ್ಮ ಮಷೀನು ನಿಲ್ಲಿಸಬೇಕು, ಅಪ್ಪ ಸುತ್ತಿಗೆ ಮುಟ್ಟಬಾರದು. ಕಿತ್ತುಹೋದ ಕುರ್ಚಿ, ನಾರು, ಸ್ಪಂಜಿನ ರಾಶಿಯ ನಡುವೆ ಕಣ್ಣಿಗೆ ಚೆಂದ ಕಾಣುವುದು ಒಂದೇ: ಡಾಕ್ಟರಮ್ಮನ ಸೋಫಾ. ಮುಂದುಗಡೆ ಹೊಸ ಹಸಿರು ಬಟ್ಟೆ, ಹಿಂದುಗಡೆ ಬರೀ ಸ್ಪ್ರಿಂಗು. ಮೇಲೆ ಪೀತಾಂಬರ, ಒಳಗೆ ಹರಕು. ಕ್ಯಾಮೆರಾಕ್ಕೆ ಮುಂದುಗಡೆ ಸಾಕಲ್ಲ. ಅದರ ಮೇಲೆ ರಾಣಿ ಹಾಗೆ ಕೂತು ಶುರು ಮಾಡಿದಳು.

ಪರದೆಯಲ್ಲಿ ಬೆಳ್ಳಿ ಕೂದಲಿನ ಹೆಂಗಸು, ಕಂಪನಿಯ ಯಜಮಾನಿ. ಬಟ್ಟೆಯ ಬಗ್ಗೆ ಕೇಳಿದರೆ ಹುಡುಗಿ ನಿದ್ದೆಯಲ್ಲೂ ಹೇಳಿಯಾಳು. ಮಾತು ನೀರಿನ ಹಾಗೆ ಹರಿಯಿತು. ಅಷ್ಟರಲ್ಲಿ ಬಾಗಿಲು ಸದ್ದಾಯಿತು.

“ಓಹೋ. ನನ್ನ ಸೋಫಾ ಮೇಲೆ ನೀನು ಕೂತಿದೀಯ. ನನ್ನ ರೋಗಿಗಳು ನಿಂತಿದಾರೆ,” ಅಂದರು ಹಲ್ಲಿನ ಡಾಕ್ಟರಮ್ಮ. ಅವತ್ತು ಶುಕ್ರವಾರ. ಒಳಗೆ ಬಂದವರೇ ಅವಳ ಪಕ್ಕದಲ್ಲಿ ದಡಕ್ಕನೆ ಕೂತರು. ಆ ಬದಿಯ ಸ್ಪ್ರಿಂಗಿಗೆ ಇನ್ನೂ ದಾರ ಕಟ್ಟಿರಲಿಲ್ಲ. ಡಾಕ್ಟರಮ್ಮ ಹಾಗೇ ಕೆಳಗಿಳಿದರು, ಪರದೆಯಲ್ಲಿ ಅವರ ತಲೆ ಮಾತ್ರ ಉಳಿಯಿತು.

ಅಪ್ಪ ಅಭ್ಯಾಸಬಲದಿಂದ ಮೊಳೆ ಬಾಯಿಗೆ ಸುರಿದುಕೊಂಡಾಗಿತ್ತು.

“ಬಾಯಿ ತೆಗೀರಿ,” ಅಂದರು ಡಾಕ್ಟರಮ್ಮ ಗುಂಡಿಯೊಳಗಿನಿಂದಲೇ. ದಿನವಿಡೀ ಅದೇ ಮಾತು ಆಡಿ ಪಳಗಿದ ದನಿ. ಅಪ್ಪ ತನಗೆ ಗೊತ್ತಿಲ್ಲದೆಯೇ ಬಾಯಿ ತೆರೆದ. ಮೊಳೆ ನೆಲಕ್ಕೆ ಉದುರಿತು. “ಈಗ ಹೇಳಿ. ಯಾವಾಗ?”

ಅಪ್ಪ ಮಗಳ ಮುಖ ನೋಡಿದ. ಮಗಳು ಪರದೆ ನೋಡಿದಳು. ಆಚೆ ದೇಶದ ಯಜಮಾನಿ ಹುಬ್ಬು ಏರಿಸಿ ಕಾಯುತ್ತಿದ್ದರು. ಶುಕ್ರವಾರ ಅಂದರೆ ಡಾಕ್ಟರಮ್ಮ ಎದ್ದು ಹೋಗುತ್ತಾರೆ, ಮಾತುಕತೆ ಮುಂದುವರಿಯುತ್ತದೆ, ಆಚೆಯವರಿಗೆ ಈ ಭಾಷೆಯೂ ಬಾರದು. ಮಾತು ನಾಲಿಗೆ ತುದಿಗೂ ಬಂತು, ಅಪ್ಪನ ಮೊಳೆ ಹಾಗೆ. ಅಲ್ಲೇ ಕಹಿಯಾಯಿತು.

“ಶುಕ್ರವಾರ ಆಗಲ್ಲ ಡಾಕ್ಟರಮ್ಮ,” ಅಂದಳು. “ಮುಂದಿನ ಶುಕ್ರವಾರವೂ ಆಗಲ್ಲ. ಹಿಂಬದಿಯ ಬಟ್ಟೆ ಇನ್ನೂ ಬಂದಿಲ್ಲ. ಅದು ಬರೋದು, ಅಮ್ಮ ಹೊಲಿಯೋದು, ಅಪ್ಪ ಕಟ್ಟೋದು, ಎಲ್ಲ ಸೇರಿ ತಿಂಗಳ ಕೊನೆ ಶನಿವಾರ ಸಂಜೆ. ನಾವೇ ಹೊತ್ತು ತರ್ತೀವಿ. ಅಲ್ಲೀವರೆಗೆ ನಮ್ಮ ಬೆಂಚು ತಗೊಂಡು ಹೋಗಿ, ಪಾಪ, ಜನ ಕೂತ್ಕೊಳ್ಳಲಿ.”

ಡಾಕ್ಟರಮ್ಮ ಸೋಫಾದ ಅಂಚು ಹಿಡಿದು ಮೇಲೆ ಬಂದರು. “ಇದನ್ನ ಮೊದಲೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅಂದರು ಅಪ್ಪನಿಗೆ. “ಬೆಂಚು ಎತ್ತಿ.” ಅಪ್ಪ ಬೆಂಚು ಹೆಗಲಿಗೇರಿಸಿಕೊಂಡು, ಮಗಳನ್ನು ದುರುಗುಟ್ಟಿ ನೋಡಿ, ಅವರ ಹಿಂದೆ ನಡೆದ.

ಪರದೆಯಲ್ಲಿದ್ದ ಹೆಂಗಸು ಏನಾಯಿತು ಅಂತ ಕೇಳಿದರು. ಸ್ಪ್ರಿಂಗು ಮುಚ್ಚುಮರೆ ಇಲ್ಲದೆ ಹೇಳಿದಳು, ಸೋಫಾಕ್ಕೆ ಬೆನ್ನಿಲ್ಲ ಅನ್ನುವುದನ್ನೂ ತಿರುಗಿಸಿ ತೋರಿಸಿದಳು. ಹೆಂಗಸು ನಗಲೂ ಇಲ್ಲ, ಗಂಟು ಮುಖವೂ ಹಾಕಲಿಲ್ಲ. “ನಾವು ಮುಂದಿನ ತಿಂಗಳು ಒಂದನೇ ತಾರೀಕಿಗೆ ಶುರು ಮಾಡ್ತೀವಿ. ಬರ್ತೀರಾ?”

ಹೂಂ ಅನ್ನುವುದು ಎಷ್ಟು ಸುಲಭ. ಆಮೇಲೆ ನೋಡಿಕೊಂಡರಾಯಿತು ಅಂತ ಅರ್ಧ ಜಗತ್ತು ನಡೆಯುವುದೇ ಹಾಗೆ.

“ಒಂದನೇ ತಾರೀಕಿಗೆ ಆಗಲ್ಲ,” ಅಂದಳು. “ಆಗ ನನಗೆ ಪರೀಕ್ಷೆ. ಆಮೇಲೆ ವೀಸಾ ಆಗಬೇಕು. ಇಪ್ಪತ್ತಕ್ಕೆ ಬರ್ತೀನಿ. ಅದಕ್ಕಿಂತ ಮುಂಚೆ ಅಂದ್ರೆ ಸುಳ್ಳಾಗುತ್ತೆ.”

“ತಿಳಿಸ್ತೀವಿ,” ಅಂದರು. ಪರದೆ ಕಪ್ಪಾಯಿತು, ಅದರಲ್ಲಿ ಅವಳದೇ ಮುಖ. ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಅಂತ ಯಾವ ಪುಣ್ಯಾತ್ಮ ಹೇಳಿದನೋ.

ಆಮೇಲೆ ಸುದ್ದಿಯೇ ಇಲ್ಲ. ಆದರೆ ಶನಿವಾರ ಅಂತ ಬಾಯಿಬಿಟ್ಟು ಹೇಳಿಯಾಗಿತ್ತಲ್ಲ, ಮನೆಯಲ್ಲಿ ಯುದ್ಧವೇ ಶುರುವಾಯಿತು. “ಮಾತು ಕೊಟ್ಟೋಳು ನೀನು, ಸವೆಯೋದು ನನ್ನ ಬೆರಳು,” ಅಂತ ಗೊಣಗುತ್ತಲೇ ಅಪ್ಪ ಸ್ಪ್ರಿಂಗುಗಳಿಗೆ ದಾರ ಕಟ್ಟಿದ. ಬಟ್ಟೆ ತಡವಾಗಿ ಬಂತು, ಅಮ್ಮ ಊಟ ಬಿಟ್ಟು ಹೊಲಿದಳು. ಸ್ಪ್ರಿಂಗು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಾರು ಬಿಡಿಸಿದಳು. ಮಗಳು ನೋಡದಿದ್ದಾಗ ಅಪ್ಪ ಕ್ಯಾಲೆಂಡರ್ ಕಡೆ ಕಣ್ಣು ಹಾಯಿಸುತ್ತಿದ್ದ. ಅವನ ಅಂಗಡಿಯಲ್ಲಿ ಕ್ಯಾಲೆಂಡರ್ ಇದ್ದದ್ದು ಗೋಡೆಯ ಬಿರುಕು ಮುಚ್ಚಲು.

ಹೇಳಿದ ಶನಿವಾರ ಸಂಜೆ ಅಪ್ಪ ಮಗಳು ಸೋಫಾ ಹೊತ್ತು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರು. ಇಕ್ಕಟ್ಟು ಮೆಟ್ಟಿಲು. ನಡುವೆ ತಿರುವಿನಲ್ಲಿ ಸ್ಪ್ರಿಂಗುವಿನ ಜೇಬಿನಲ್ಲಿ ಫೋನು ಗುಂಯ್ ಅಂದಿತು.

“ಅಪ್ಪಾ, ಒಂದು ನಿಮಿಷ ಇಳಿಸೋಣ.”

“ಇಳಿಸಿದ್ರೆ ಸೋಫಾ ಮೊದಲು ನನ್ನ ಮೇಲೆ ಇಳಿಯುತ್ತೆ. ಹತ್ತು.”

ಹತ್ತಿದಳು. ಸೋಫಾವನ್ನು ಗೋಡೆಗೆ ಸೇರಿಸಿ ಇಟ್ಟದ್ದೇ ತಡ, ಕೆನ್ನೆ ಊದಿಸಿಕೊಂಡ ಮುದುಕನೊಬ್ಬ ಬಂದು ಕೂತುಬಿಟ್ಟ. ಅವನ ಪಕ್ಕದಲ್ಲಿ ಕೂತು ಸ್ಪ್ರಿಂಗು ಫೋನು ತೆಗೆದಳು. ಓದಿದಳು, ಮತ್ತೆ ಓದಿದಳು. ಒಂದನೇ ತಾರೀಕಿಗೇ ಬರುತ್ತೇನೆ ಅಂತ ಆ ಕೆಲಸ ಒಪ್ಪಿಕೊಂಡಿದ್ದ ಇನ್ನೊಬ್ಬ ಹುಡುಗ ಈಗ ಆಗಲ್ಲ ಅನ್ನುತ್ತಿದ್ದಾನಂತೆ. ನೀವು ಇಪ್ಪತ್ತು ಅಂದಿರಿ, ನಾವು ಇಪ್ಪತ್ತಕ್ಕೇ ಕೆಲಸ ಹೊಂದಿಸಿಕೊಂಡಿದ್ದೇವೆ, ಬನ್ನಿ. ಕೊನೆಯಲ್ಲಿ ಒಂದು ಸಾಲು: ಆ ಡಾಕ್ಟರ್ ಸೋಫಾ ಮುಟ್ಟಿತೇ?

“ಏನಂತೆ?” ಅಂದ ಅಪ್ಪ, ಬೆನ್ನು ಹಿಡಿದುಕೊಂಡು.

“ಬಾ ಅಂದಿದಾರೆ.”

ಅಪ್ಪ ಸೋಫಾದ ಕಾಲು ನೆಟ್ಟಗಿದೆಯೋ ಅಂತ ಬಗ್ಗಿ ನೋಡಲು ಹೋದ. ಎಷ್ಟು ಹೊತ್ತಾದರೂ ಏಳಲಿಲ್ಲ. ಊದಿದ ಕೆನ್ನೆಯ ಮುದುಕನೇ ಕೊನೆಗೆ ಕಾಲು ಎತ್ತಿ ದಾರಿ ಬಿಡಬೇಕಾಯಿತು.

ಸ್ಪ್ರಿಂಗು ಹೋದ ಮೇಲೆ ಅಂಗಡಿ ಬಿಕೋ ಅನ್ನುತ್ತಿತ್ತು. ಒಂದು ದಿನ ಡಾಕ್ಟರಮ್ಮ ತಾವು ಕೂರುವ ದುಂಡು ಸ್ಟೂಲು ಹಿಡಿದುಕೊಂಡು ಬಂದರು, ಮೆತ್ತೆ ಹರಿದಿತ್ತು. ಅದನ್ನು ಕೆಳಗಿಡುತ್ತ, “ಮಗಳು ವಾಪಸ್ ಯಾವಾಗ?” ಅಂದರು.

ಅಪ್ಪನ ಕೈ ಡಬ್ಬಿಗೆ ಹೋಯಿತು. ಒಂದು ಹಿಡಿ ಮೊಳೆ ಬಾಯಿಗೆ.

“ಬಾಯಿ ತೆಗೀರಿ.”

ಅವನು ಒಂದೊಂದೇ ಮೊಳೆಯನ್ನು ಅಂಗೈಗೆ ಉಗುಳಿದ. “ಆರು ತಿಂಗಳು. ಇಪ್ಪತ್ತಕ್ಕೆ ಮುಗಿಯುತ್ತೆ, ಇಪ್ಪತ್ತೆರಡಕ್ಕೆ ಮನೆ. ಅವಳೇ ಹೇಳಿದ್ದು.” ಆಮೇಲೆ, ಯಾರೋ ಇಲ್ಲ ಅಂದ ಹಾಗೆ, ದನಿ ಏರಿಸಿ ಅಂದ, “ಅವಳು ಹೇಳಿದ್ಮೇಲೆ ಬಂದೇ ಬರ್ತಾಳೆ.”

“ಬರ್ತಾಳೆ,” ಅಂದರು ಡಾಕ್ಟರಮ್ಮ. “ನನ್ನ ಸ್ಟೂಲು?”

“ಶುಕ್ರವಾರ.”

ಒಳಗೆ ಮಷೀನಿನ ಸದ್ದು ನಿಂತಿತು. “ಯಾವ ಶುಕ್ರವಾರ?” ಅಂದಳು ಅಮ್ಮ.

ಅಪ್ಪ ಸ್ಟೂಲನ್ನು ಬೋರಲು ಹಾಕಿದ, ಅಡಿಯ ಹಲಗೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ, ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದ.

“ಈ ಶುಕ್ರವಾರ ಅಲ್ಲ,” ಅಂದ. “ಅದರ ಮುಂದಿನದು.”