ಏಳನೆಯ ವೃತ್ತ
ಆಸ್ಪತ್ರೆಯ ಗೇಟು ಕಾಯುವವನಿಗೆ ಮೂಗಿನ ತುದಿಯಲ್ಲೇ ಕೋಪ. ಜನ ಅಂತರ ಬಿಟ್ಟು ನಿಲ್ಲಲೆಂದು ಸೋಂಕಿನ ಕಾಲದಲ್ಲಿ ನೆಲಕ್ಕೆ ಬಳಿದಿದ್ದ ಬಿಳಿ ವೃತ್ತಗಳಿಗೆ ಅವನು ಇಂದಿಗೂ ತಿಂಗಳಿಗೊಮ್ಮೆ ಬಣ್ಣ ಹಚ್ಚುತ್ತಾನೆ. ತಲೆ ಕೆಟ್ಟಿದೆ ಎಂದು ನರ್ಸುಗಳು ನಗುತ್ತಾರೆ.

ಅಂದು ಏಳನೆಯ ವೃತ್ತದಲ್ಲಿ ಅವನ ತಂಗಿಯೇ ಉಸಿರಿಗೆ ಒದ್ದಾಡುತ್ತಿದ್ದಳು. "ಸರದಿ ಬರ್ಲಿ, ತಾಳು" ಎಂದಿದ್ದ. ಅಷ್ಟರಲ್ಲಿ ಶಾಸಕನ ಕಾರು ಬಂತು. ಶಾಸಕನ ಮಾವನಿಗೆ ಆಗಿದ್ದು ಬರೀ ನೆಗಡಿ; ಆದರೂ ಕೊನೆಯ ಹಾಸಿಗೆ ಅವನಿಗೇ ಸಿಕ್ಕಿತು. ಗೇಟು ತೆಗೆದು ಸಲಾಮು ಹೊಡೆದವನೂ ಇವನೇ. ತಂಗಿ ನಿಂತಲ್ಲೇ ಕುಸಿದು ಪ್ರಾಣಬಿಟ್ಟಳು.

ಈಗ ಚುನಾವಣೆ. 'ಸೋಂಕು ಗೆದ್ದ ನಾಯಕ' ಎಂದು ಬೀದಿಬೀದಿಗೆ ಪೋಸ್ಟರ್ ಅಂಟಿಸಿಕೊಂಡ ಅದೇ ಶಾಸಕ, ಫೋಟೋದವನ ಜೊತೆ ಹಲ್ಲು ಕಿರಿಯುತ್ತ ಬಂದು ವೃತ್ತವೊಂದರ ಮೇಲೆ ನಿಂತ. "ನಿಮ್ಮಂಥೋರಿಂದ್ಲೇ ನಾವು ಬದುಕಿದ್ದು ಕಣಪ್ಪಾ!"

"ಕಾಲು ತೆಗೀರಿ!" ಗೇಟಿನವನು ಗುಡುಗಿದ. "ಅಲ್ಲಿ ನನ್ನ ತಂಗಿ ನಿಂತಿದಾಳೆ."